ಫ್ರಾಸ್ಸೋಲದ ದೊರೆ ಬಿದ್ದ ದಿನ

ಮಾಜ್ಜೊ ಎಂದರೆ ಮೇ ತಿಂಗಳು. ಆದರೂ ಫ್ರಾಸ್ಸೋಲ ಎಂಬ ಬೆಟ್ಟದೂರಿನವರು ಮಾಜ್ಜೊ ಎಂಬ ತಮ್ಮ ಹಾಡಿನ ಆಟವನ್ನು ಆಡುವುದು ಆಗಸ್ಟ್ ತಿಂಗಳ ಒಂದು ಭಾನುವಾರ, ಮಧ್ಯಾಹ್ನದ ಊಟ ಮುಗಿದ ಮೇಲೆ, ಊರ ಮೇಲಿನ ಚೆಸ್ಟ್‌ನಟ್ ತೋಪಿನ ನಡುವಿನ ಬಯಲಿನಲ್ಲಿ. ಮೇ ತಿಂಗಳಲ್ಲಿ ಆ ಬೆಟ್ಟದ ಮೇಲೆ ನಿಂತು ಬಾಯಿ ತೆರೆದರೆ ಹಾಡಿನ ಬದಲು ಹಲ್ಲು ಕಟಕಟಿಸುವ ಸದ್ದು ಬರುತ್ತದೆ. ಕೆಳಗಿನ ಪಟ್ಟಣದ ಜನ ಇದನ್ನು ಆಡಿಕೊಂಡು ನಗುತ್ತಾರೆ. ನಗಲಿ. ಪಟ್ಟಣದಲ್ಲಿ ಸಿನಿಮಾ ಮಂದಿರ ಇರಬಹುದು, ಐಸ್‌ಕ್ರೀಂ ಅಂಗಡಿ ಇರಬಹುದು, ಆದರೆ ಹುಡುಕಿದರೂ ಒಬ್ಬ ದೊರೆ ಸಿಗುವುದಿಲ್ಲ. ಫ್ರಾಸ್ಸೋಲದಲ್ಲಿ ಒಲೆ ಉರಿಯುವ ಮನೆಗಳಿಗಿಂತ ದೊರೆಗಳೇ ಹೆಚ್ಚು.

ಈ ಆಟವನ್ನು ಕಟ್ಟಿದವನು ಕಾಡಿನಲ್ಲಿ ಇದ್ದಿಲು ಸುಡುತ್ತಿದ್ದ ಒಬ್ಬ ಮುತ್ತಜ್ಜ. ಅವನಿಗೆ ಅಕ್ಷರ ಬಾರದು. ಇದ್ದಿಲ ಗೂಡಿನ ಮುಂದೆ ಕಾವಲು ಕೂತು ನಾಲ್ಕು ನಾಲ್ಕು ಸಾಲಿನ ಪದಗಳನ್ನು ಕಟ್ಟಿ, ಊರ ಪಾದ್ರಿಯ ಕೈಯಲ್ಲಿ ಬರೆಸಿದನಂತೆ. ಒಳ್ಳೆಯ ದೊರೆ ಅಲ್ದೆಮೀರೊ, ಅವನ ರಾಜ್ಯ ಕಸಿಯಲು ಬರುವ ದುಷ್ಟ ದೊರೆ ಗ್ರಿಮಾಲ್ತೊ, ಕೊನೆಗೆ ಇಬ್ಬರ ಕತ್ತಿ ಕಾಳಗ, ಒಳ್ಳೆಯವನ ಗೆಲುವು. ಪಾದ್ರಿಗೆ ಕೊನೆಯಲ್ಲೊಂದು ಉಪದೇಶ ತುರುಕುವ ಆಸೆಯಿತ್ತು. ಮುತ್ತಜ್ಜ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

ಅಂದಿನಿಂದ ಆಟ ನಿಂತದ್ದೇ ಇಲ್ಲ. ಯುದ್ಧದ ಕಾಲದಲ್ಲಿ ನಾಲ್ಕು ಜನ ಸೇರಿದರೆ ಸೈನಿಕರು ಹಿಡಿದೊಯ್ಯುತ್ತಿದ್ದಾಗ ದನದ ಕೊಟ್ಟಿಗೆಯಲ್ಲಿ ಪಿಸುದನಿಯಲ್ಲಿ ಆಡಿದರು. ಕತ್ತಿಗೆ ಕತ್ತಿ ತಾಗಿದರೆ ಸದ್ದಾದೀತೆಂದು ಎರಡಕ್ಕೂ ಉಣ್ಣೆಯ ಕಾಲುಚೀಲ ತೊಡಿಸಿ ಕಾದಾಡಿದರು. ಗಂಡಸರೆಲ್ಲ ಬೆಲ್ಜಿಯಮ್ಮಿನ ಕಲ್ಲಿದ್ದಲ ಗಣಿಗೆ ಹೋದ ವರ್ಷಗಳಲ್ಲಿ ಹೆಂಗಸರು ಮಸಿಯಲ್ಲಿ ಮೀಸೆ ಬರೆದುಕೊಂಡು ದೊರೆಗಳಾದರು. ಅದೇ ಭಾನುವಾರ ಅಲ್ಲಿ ಗಣಿಯೊಳಗೆ, ನೆಲದ ಅಷ್ಟು ಆಳದಲ್ಲಿ, ಅವರ ಗಂಡಂದಿರೂ ಅದೇ ಪದಗಳನ್ನು ಹಾಡಿದರು. ಇಂಥ ಜನರನ್ನು ಹೊಗಳದೆ ಇನ್ನಾರನ್ನು ಹೊಗಳಬೇಕು?

ಆಟಕ್ಕೆ ವೇದಿಕೆಯಿಲ್ಲ, ಪರದೆಯಿಲ್ಲ. ಹುಲ್ಲಿನ ಮೇಲೊಂದು ದೊಡ್ಡ ಸುತ್ತು, ಸುತ್ತಲೂ ಜನ. ಪಾತ್ರಧಾರಿಯ ಬೆನ್ನ ಹಿಂದೆ ಪುಸ್ತಕ ಹಿಡಿದ ಒಬ್ಬರು ಎಲ್ಲರಿಗೂ ಕಾಣುವಂತೆಯೇ ನಡೆಯುತ್ತಾರೆ. ಒಂದೊಂದೇ ಸಾಲನ್ನು ಅವರು ಕಿವಿಯಲ್ಲಿ ಉಸುರಬೇಕು, ಪಾತ್ರಧಾರಿ ಅದನ್ನು ಎತ್ತಿ ಹಾಡಬೇಕು. ಪದ ಬಾಯಿಗೆ ಬರುವವರಿಗೂ ಹೀಗೆಯೇ. ಮಹಾರಾಜರೆಲ್ಲ ಹೇಳಿಸಿಕೊಂಡು ಹಾಡುವುದು ಫ್ರಾಸ್ಸೋಲದಲ್ಲಿ ಯಾರಿಗೂ ಅವಮಾನವಲ್ಲ.

ಆ ಉಸುರುವ ಕೆಲಸ ದೆಲ್ಫೀನಾಳದು. ಅವಳಿಗಿಂತ ಮೊದಲು ಅವಳ ಅಪ್ಪನದಾಗಿತ್ತು. ಉಪ್ಪು, ಹೊಗೆಸೊಪ್ಪು, ಬೂಟಿನ ಲಾಡಿ ಮಾರುವ ಊರಿನ ಒಂದೇ ಅಂಗಡಿ ಅವಳದು. ಮದುವೆಯಾಗಿರಲಿಲ್ಲ, ವಯಸ್ಸು ನಲವತ್ತರ ಆಸುಪಾಸು. ಅಂಗಡಿಯಲ್ಲೂ ಅವಳ ದನಿ ಎಷ್ಟು ಮೆಲ್ಲಗೆಂದರೆ ಗಿರಾಕಿಗಳು ಕಟ್ಟೆಯ ಮೇಲೆ ಬಾಗಿ ಕಿವಿಯೊಡ್ಡಬೇಕಿತ್ತು. ಅಲ್ದೆಮೀರೊ ದೊರೆಯ ಪಾತ್ರ ಅವಳ ಚಿಕ್ಕಪ್ಪ ಎರ್ಮೇತೆಯದು. ಎಂಬತ್ತರ ಹತ್ತಿರದ ಮುದುಕ, ಬಡಗಿ. ಬೆನ್ನು ನೆಟ್ಟಗೆ, ಬಾಯಿ ಚೂಪು. ತನ್ನನ್ನು ನಿಜವಾದ ದೊರೆಯೆಂದೇ ಅರ್ಧ ನಂಬಿದವನು.

ಒಂದು ಚಳಿಗಾಲದಲ್ಲಿ ಡಾಕ್ಟರು ಎರ್ಮೇತೆಯ ಎದೆಗೆ ಕಿವಿಯಿಟ್ಟು, ಇನ್ನೊಂದು ಬೇಸಿಗೆ ಹಾಡಿದರೆ ಹೆಚ್ಚು ಎಂದಿದ್ದರು. ಅವನಿಗೆ ಮಕ್ಕಳಿಲ್ಲ. ಊರಿನ ಯುವಕರು ಪಟ್ಟಣದ ಕಾರ್ಖಾನೆಗಳಲ್ಲಿದ್ದರು. ಬಂದು ಆಟ ನೋಡುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು, ಸಂಜೆಗೆ ಕಾರು ಹತ್ತುತ್ತಿದ್ದರು. ಬದುಕಿರುವ ದೊರೆ ತನ್ನ ಕೈಯಾರೆ ಕತ್ತಿ ಕೊಡದೆ ಅವನ ಪಾತ್ರವನ್ನು ಬೇರೆಯವರು ಮುಟ್ಟುವಂತಿಲ್ಲ. ಆ ಕತ್ತಿಯನ್ನು ಕೈಗೆತ್ತಿಕೊಂಡವರು ಮುಂದೆ ಪ್ರತಿವರ್ಷ ಹಾಡಲೇಬೇಕು. ಹೀಗಾಗಿ ಎರ್ಮೇತೆ ದಿನಾ ಸಾಯಂಕಾಲ ಅಂಗಡಿಗೆ ಬಂದು, ಒಲೆಯ ಪಕ್ಕ ಕೂತು, ಅದೇ ರಾಗ ಎಳೆಯತೊಡಗಿದ.

“ಕತ್ತಿ ನೀನು ತಗೋ ದೆಲ್ಫೀನಾ.”

“ಬೇಡ ಚಿಕ್ಕಪ್ಪ.”

“ಪದ ಎಲ್ಲಾ ನಿಂಗೆ ಬರತ್ತೆ. ನಂಗಿಂತ ಚೆನ್ನಾಗೇ ಬರತ್ತೆ.”

“ಬರೋದು ಬೇರೆ, ಜನದ ಮುಂದೆ ಹಾಡೋದು ಬೇರೆ. ನನ್ನ ಗಂಟಲು ಇರೋದು ಉಪ್ಪಿನ ತೂಕ ಹೇಳಕ್ಕೆ.”

“ಹಂಗಾದ್ರೆ ಯಾರಿಗೆ ಕೊಡ್ಲಿ? ಚೀಸ್ ಮಾಡೋ ಆ ಕ್ವಿಂತೊಗಾ? ಅವನು ದುಷ್ಟನ ಪಾತ್ರಾನೇ ಎಲ್ಲರ ಹತ್ರ ಕ್ಷಮೆ ಕೇಳ್ಕೊಂಡು ಹಾಡ್ತಾನೆ, ಹಸು!”

“ಪಟ್ಟಣದಿಂದ ಯಾರಾದ್ರೂ ಬರ್ತಾರೆ.”

“ಬರ್ತಾರೆ, ಬರ್ತಾರೆ. ಬಂದು ಫೋಟೋ ತೆಗೀತಾರೆ.”

ದೆಲ್ಫೀನಾಳಿಗೆ ಹಾಡುವ ಆಸೆ ಇರಲಿಲ್ಲ ಎನ್ನುವಂತಿಲ್ಲ. ಆಸೆ ಬೆಟ್ಟದಷ್ಟಿತ್ತು. ಆದರೆ ಸುತ್ತಿನ ನಡುವೆ ನಿಂತು ಎಲ್ಲರೂ ತನ್ನನ್ನೇ ನೋಡುವುದನ್ನು ನೆನೆಸಿಕೊಂಡರೆ ಸಾಕು, ಅವಳ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಬೆನ್ನ ಹಿಂದೆ ನಡೆಯುವಾಗ ಹಾಗಾಗುತ್ತಿರಲಿಲ್ಲ. ಅಲ್ಲಿ ಅವಳು ಎಲ್ಲ ಪಾತ್ರಗಳನ್ನೂ ಹಾಡುತ್ತಿದ್ದಳು, ಯಾರೂ ಗಮನಿಸದಂತೆ. ಇದನ್ನು ಬಿಟ್ಟುಕೊಡಲು ಅವಳಿಗೆ ಭಯ, ಹಾಗೆ ಭಯಪಡುವುದಕ್ಕೆ ನಾಚಿಕೆ.

ಆಗಸ್ಟ್ ಬಂದಾಗ ಎರ್ಮೇತೆ ಚರ್ಚಿನ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಸಾರಿಬಿಟ್ಟ. ಈ ಭಾನುವಾರ ಆಟ ಮುಗಿಯುವುದರೊಳಗೆ ಯಾರೂ ಕತ್ತಿ ತೆಗೆದುಕೊಳ್ಳದಿದ್ದರೆ ಅದನ್ನು ಚರ್ಚಿನ ಗೋಡೆಗೆ ನೇತುಹಾಕುವುದು, ಮಾಜ್ಜೊ ಅಲ್ಲಿಗೆ ಮುಗಿಯಿತು. ಕೇಳಿದವರು ತಲೆ ತಗ್ಗಿಸಿ ಮನೆಗೆ ಹೋದರು. ದೆಲ್ಫೀನಾ ಅಂದು ಅಂಗಡಿಯನ್ನು ಬೇಗ ಮುಚ್ಚಿದಳು.

ಭಾನುವಾರ ತೋಪಿನಲ್ಲಿ ಹಿಂದೆಂದೂ ಕಾಣದಷ್ಟು ಜನ. ಬೆಲ್ಜಿಯಮ್ಮಿನಿಂದ ರಜೆಗೆ ಬಂದವರು, ಅಕ್ಕಪಕ್ಕದ ಊರಿನವರು, ಮನೆಯಿಂದಲೇ ಕುರ್ಚಿ ಹೊತ್ತು ತಂದ ಅಜ್ಜಿಯರು. ಮರದ ಬುಡದಲ್ಲಿ ವೈನ್ ಹೂಜಿಗಳು, ಬಟ್ಟೆ ಸುತ್ತಿದ ಬ್ರೆಡ್ಡು, ಹಂದಿಮಾಂಸದ ಒಣ ತುಂಡುಗಳು. ಪಾತ್ರಧಾರಿಗಳು ಕಪ್ಪು ಮಖಮಲ್ಲಿನ ಉಡುಪಿನಲ್ಲಿ ಸಾಲಾಗಿ ಬಂದರು. ಆ ಮಖಮಲ್ಲಿನ ತುಂಬ ಅವರವರ ಅಜ್ಜಿಯರು ಕಣ್ಣು ಸವೆಸಿ ಹಾಕಿದ ಹೂವಿನ ಕಸೂತಿ. ಅಮೀಲ್ಕರೆ ಪಿಟೀಲು ಎತ್ತಿದ. ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಅವನ ಪಿಟೀಲು ನುಡಿಯಬೇಕು, ಮುಂದಿನ ಪದ ಶುರುವಾಗುವ ತನಕ ನಿಲ್ಲಿಸುವಂತಿಲ್ಲ.

ಎರ್ಮೇತೆ ಹಾಡಿದ. ದನಿಯ ಮೇಲಿನ ಹೊಳಪು ಹೋಗಿತ್ತು, ಉಸಿರು ಸಾಲಿನ ನಡುವೆಯೇ ಕೈಕೊಡುತ್ತಿತ್ತು. ಆದರೂ ಅವನು ಕೈಯೆತ್ತಿ ನಿಂತರೆ ಅವನ ಹಿಂದೆ ಒಂದು ಸೈನ್ಯವೇ ಇರುವಂತೆ ಜನಕ್ಕೆ ಭಾಸವಾಗುತ್ತಿತ್ತು. ಹಿಂದೆ ಇದ್ದದ್ದು ಹತ್ತಿಯ ಲಂಗ ತೊಟ್ಟು, ತಲೆಗೊಂದು ಹುಲ್ಲಿನ ಟೋಪಿ ಇಟ್ಟುಕೊಂಡ ದೆಲ್ಫೀನಾ ಒಬ್ಬಳೇ. ಅವಳು ಉಸುರಿದ ಪ್ರತಿ ಸಾಲನ್ನೂ ಅವನು ಹೊಸದಾಗಿ ಈಗಷ್ಟೇ ಹೊಳೆದಂತೆ ಹಾಡುತ್ತಿದ್ದ. ಹೆಂಗಸರು ಸೆರಗಿಲ್ಲದ್ದಕ್ಕೆ ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡರು. ಇದು ಕೊನೆಯ ಸಲವೆಂದು ಅವರಿಗೆಲ್ಲ ಗೊತ್ತಿತ್ತು.

ಬಿಸಿಲು ಇಳಿಯತೊಡಗಿದಾಗ ಕಾಳಗ ಬಂತು. ಇಬ್ಬರು ದೊರೆಗಳು ಸುತ್ತು ಹಾಕುತ್ತಾ, ಪದಕ್ಕೊಂದು ಏಟು, ಏಟಿಗೊಂದು ಪದ. ಪುಸ್ತಕದ ಪ್ರಕಾರ ಗ್ರಿಮಾಲ್ತೊ ಆದ ಕ್ವಿಂತೊ ಬೀಳಬೇಕು. ದುಷ್ಟ ಬೀಳುವ ಜಾಗದಲ್ಲಿ ಎರ್ಮೇತೆಯ ಹೆಂಡತಿ ಝೆಲಿಂದಾ ಆಗಲೇ ಕಂಬಳಿ ಹಾಸಿಟ್ಟು ಕಾಯುತ್ತಿದ್ದಳು, ಮಖಮಲ್ಲು ಕೊಳೆಯಾಗಬಾರದಲ್ಲ. ಎರ್ಮೇತೆ ಕತ್ತಿಯನ್ನು ಮೇಲೆತ್ತಿ ಕೊನೆಯ ಏಟಿಗೆ ಕಾಲು ಮುಂದಿಟ್ಟ. ಮಂಡಿ ಮಡಿಸಿಕೊಂಡಿತು. ದೊರೆ ಧೊಪ್ಪೆಂದು ಹುಲ್ಲಿನ ಮೇಲೆ ಅಂಗಾತ ಬಿದ್ದ.

ಜನರೆಲ್ಲ ಗಾಬರಿಯಿಂದ ಕತ್ತು ಚಾಚಿದರು. ಪೆಟ್ಟಾಗಿರಬಹುದೆಂದಲ್ಲ. ಫ್ರಾಸ್ಸೋಲದಲ್ಲಿ ಒಂದು ಕಟ್ಟಳೆಯಿದೆ. ಸುತ್ತಿನೊಳಗೆ ಬೆನ್ನು ನೆಲಕ್ಕೆ ತಾಗಿದವನು ಸತ್ತ, ಕೊನೆಯ ಮೇಳದ ಹಾಡು ಶುರುವಾಗುವ ತನಕ ಅವನು ಏಳುವಂತಿಲ್ಲ. ಹಿಂದೊಮ್ಮೆ ಸತ್ತ ಸೇನಾಪತಿಯೊಬ್ಬ ತೋಟಕ್ಕೆ ನುಗ್ಗಿದ ತನ್ನ ಮೇಕೆಯನ್ನು ಅಟ್ಟಲು ಎದ್ದು ಓಡಿದ್ದನಂತೆ. ಆ ವರ್ಷ ಊರಿನ ರೊಟ್ಟಿಗೆ ಹಿಟ್ಟಾಗುವ ಚೆಸ್ಟ್‌ನಟ್ ಕಾಯಿ ಒಂದೂ ಕಚ್ಚಲಿಲ್ಲ, ಊರು ಉಪವಾಸ ಬಿತ್ತು. ಆ ಸೇನಾಪತಿಯ ಮನೆಯವರನ್ನು ಈಗಲೂ ಮೇಕೆಯವರು ಎಂದೇ ಕರೆಯುತ್ತಾರೆ.

ಝೆಲಿಂದಾ ಕಂಬಳಿ ಎಳೆದುಕೊಂಡು ಓಡಿ ಬಂದಳು. ಗಂಡನ ಒಂದೊಂದೇ ಕಾಲನ್ನು ಎತ್ತಿ ಕಂಬಳಿಯನ್ನು ಅಡಿಗೆ ತಳ್ಳುತ್ತಾ ಹಲ್ಲು ಕಚ್ಚಿ ಕೇಳಿದಳು.

“ನೋವಾಯ್ತಾ?”

“ಸತ್ತಿದೀನಿ. ಮಾತಾಡಿಸ್ಬೇಡ.”

“ಎಲ್ಲಾದರೂ ಮುರೀತಾ ಅಂತ ಕೇಳ್ತಿದೀನಿ, ಹಠಮಾರಿ!”

“ಮುರಿದಿಲ್ಲ. ಆಚೆ ಹೋಗು. ದೊರೆ ಹೆಣದ ಹತ್ರ ಹೆಂಗಸರು ಅಳ್ಬೇಕು, ಜಗಳ ಆಡಬಾರ್ದು.”

ಅಮೀಲ್ಕರೆಯ ಪಿಟೀಲು ನಡುವಿನ ರಾಗವನ್ನು ಮತ್ತೆ ಮತ್ತೆ ಸುತ್ತಿ ಸುತ್ತಿ ನುಡಿಸುತ್ತಿತ್ತು. ಕ್ವಿಂತೊ ಕತ್ತಿ ಹಿಡಿದು ಬೆಪ್ಪನಂತೆ ನಿಂತಿದ್ದ. ತಾನು ಗೆದ್ದುಬಿಟ್ಟಿದ್ದೇನೆಂಬುದು ಅರಿವಾಗಿ ಅವನ ಮುಖ ಬಿಳಿಚಿತ್ತು. ದುಷ್ಟ ಗೆದ್ದ ಮಾಜ್ಜೊ ಈ ಊರಿನಲ್ಲಿ ಒಂದೂ ಇಲ್ಲ. ಅವನು ದೆಲ್ಫೀನಾಳ ಕಡೆ ತಿರುಗಿದ, ಕೈ ಜೋಡಿಸುವುದೊಂದು ಬಾಕಿ.

“ದೆಲ್ಫೀನಾ, ನಾನೀಗ ಏನ್ ಹಾಡ್ಲಿ? ಪುಸ್ತಕದಲ್ಲಿ ಏನಿದೆ?”

ಪುಸ್ತಕದಲ್ಲಿ ಇದ್ದದ್ದು ಅಲ್ದೆಮೀರೊನ ಗೆಲುವಿನ ಪದ. ದೆಲ್ಫೀನಾ ಕಂಬಳಿಯ ಪಕ್ಕ ಕುಕ್ಕರಿಸಿದಳು.

“ಚಿಕ್ಕಪ್ಪ, ಏಳಿ. ದಮ್ಮಯ್ಯ, ಎದ್ಬಿಡಿ. ಯಾರೂ ಏನೂ ಅನ್ನಲ್ಲ.”

“ನಾನು ಅಂತೀನಿ.” ಮುದುಕನ ಕಣ್ಣು ಮುಚ್ಚಿಯೇ ಇತ್ತು, ತುಟಿ ಮಾತ್ರ ಅಲ್ಲಾಡುತ್ತಿತ್ತು. “ಎಷ್ಟೋ ಜನಕ್ಕೆ ಬಿದ್ದಿರು ಅಂತ ಬೈದಿದೀನಿ. ಈಗ ನಾನೇ ಎದ್ರೆ ನಂದು ಯಾವ ದೊರೆತನ? ಸತ್ತವರು ಏಳಲ್ಲ.”

“ಹಂಗಾದ್ರೆ ಗ್ರಿಮಾಲ್ತೊ ಗೆದ್ದ ಹಾಗಾಗತ್ತೆ!”

“ಗೊತ್ತು. ಬಿದ್ದಿದ್ದು ನನ್ನ ತಪ್ಪು. ಮಂಡಿ ಕೈ ಕೊಡ್ತು.” ಅವನ ದನಿ ಮೊದಲ ಬಾರಿಗೆ ಸಣ್ಣಗಾಯಿತು. “ಕತ್ತಿ ಅಲ್ಲೇ ಬಿದ್ದಿದೆ, ಮಗಳೇ. ಸತ್ತ ದೊರೆ ಕತ್ತೀನ ಅವನ ಮನೆಯವರು ಎತ್ತಬಹುದು. ನಮ್ಮ ಮನೇಲಿ ಇನ್ಯಾರಿದಾರೆ?”

“ಅಲ್ದೆಮೀರೊಗೆ ಪುಸ್ತಕದಲ್ಲಿ ಮಕ್ಕಳೇ ಇಲ್ಲ.”

“ಇದ್ದಳು ಅಂತ ಹಾಡು.”

“ಪದ ಎಲ್ಲಿಂದ ತರ್ಲಿ? ನೀವೇ ಒಂದು ಹೇಳ್ಕೊಡಿ.”

“ಹೆಣದ ಹತ್ರ ಪದ ಕೇಳ್ತಾರೇನೇ?” ಎಂದವನೇ ಎರ್ಮೇತೆ ಬಾಯಿ ಬಿಗಿದುಕೊಂಡ. 

ಪಿಟೀಲು ಇನ್ನೂ ಸುತ್ತುತ್ತಿತ್ತು. ಅಮೀಲ್ಕರೆಯ ಹಣೆಯಲ್ಲಿ ಬೆವರು. ಜನ ನೋಡುತ್ತಿದ್ದರು, ಅವಳನ್ನೇ. ದೆಲ್ಫೀನಾಳ ನಾಲಿಗೆ ಎಂದಿನಂತೆ ಅಂಗುಳಕ್ಕೆ ಅಂಟಿತು. ಎದ್ದು ಓಡಿಹೋಗಬೇಕೆನಿಸಿತು. ಓಡಿದರೆ ಯಾರೂ ತಡೆಯುತ್ತಿರಲಿಲ್ಲ, ನಾಳೆ ಉಪ್ಪು ಕೊಳ್ಳಲು ಬಂದು ಏನೂ ಆಗಿಲ್ಲವೆಂಬಂತೆ ಮಾತಾಡುತ್ತಿದ್ದರು. ಅಷ್ಟು ಒಳ್ಳೆಯ ಜನ. ಆದರೆ ಕಾಲುಚೀಲ ತೊಡಿಸಿದ ಕತ್ತಿಗಳಿಗೂ ಮಸಿ ಮೀಸೆಯ ಹೆಂಗಸರಿಗೂ ನಿಲ್ಲದ ಆಟ ತನ್ನೊಬ್ಬಳ ಒಣ ನಾಲಿಗೆಗೆ ನಿಲ್ಲುವುದೇ? ಈ ಯೋಚನೆಗೆ ಅವಳಿಗೆ ಸಿಟ್ಟು ಬಂತು. ಚಿಕ್ಕಪ್ಪನ ಮೇಲೆ, ಅವನ ಮಂಡಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ. ಆ ಸಿಟ್ಟಿನಲ್ಲೇ ಅವಳು ಪುಸ್ತಕವನ್ನು ಕಂಬಳಿಯ ಮೇಲೆ ಹಾಕಿ ಕತ್ತಿ ಎತ್ತಿಕೊಂಡಳು.

ಪಿಟೀಲು ನಿಂತಿತು.

“ಬಿದ್ದ ದೊರೆಯ ಮಗಳು ನಾನು,
ಇದುವರೆಗೆ ಕಾಣದವಳು;
ಎದ್ದು ಬಂದೆ, ನೋಡು ನೀನು,
ಅಪ್ಪನ ಕತ್ತಿ ಹಿಡಿದವಳು.”

ಮೊದಲ ಸಾಲು ಕೇಳಿಸಿದ್ದು ಮುಂದಿನ ಕುರ್ಚಿಗಳವರಿಗೆ ಮಾತ್ರ. ಎರಡನೆಯದು ನಡುಗಿತು. ನಾಲ್ಕನೆಯ ಸಾಲಿಗೆ ಬಂದಾಗ ದನಿ ತೋಪಿನ ಅಂಚು ಮುಟ್ಟಿತು. ಹಿತ್ತಾಳೆಯ ಬಿಂದಿಗೆಗೆ ತಟ್ಟಿದಂಥ ಒರಟು ದನಿ. ಇಷ್ಟು ವರ್ಷ ಅದು ಅವಳೊಳಗೇ ಇತ್ತೆಂದು ಊರಿಗೆ ಗೊತ್ತೇ ಇರಲಿಲ್ಲ.

ಈಗ ಕ್ವಿಂತೊ ಉತ್ತರ ಕೊಡಬೇಕು. ಅವನೋ ಹೇಳಿಕೊಡದೆ ಒಂದು ಸಾಲನ್ನೂ ಹಾಡಿದವನಲ್ಲ. ಕಣ್ಣರಳಿಸಿ ನಿಂತ. ದೆಲ್ಫೀನಾ ಕತ್ತಿಯನ್ನು ಅವನ ಎದೆಗೆ ಗುರಿಯಿಟ್ಟುಕೊಂಡೇ ಸುತ್ತು ಬಂದು, ಅವನ ಬೆನ್ನ ಹಿಂದೆ ನಿಂತು, ತನ್ನನ್ನೇ ಹಳಿಯುವ ಪದವನ್ನು ಕಟ್ಟಿ ಅವನ ಕಿವಿಯಲ್ಲಿ ಉಸುರಿದಳು. ಕ್ವಿಂತೊ ಎದೆಯುಬ್ಬಿಸಿ ಹಾಡಿದ.

“ಹೆಣ್ಣೆ, ನಿನಗೆ ಸೂಜಿ ಸಾಕು,
ಕತ್ತಿ ಬಲು ಭಾರ;
ಮಣ್ಣು ಮುಕ್ಕಿದ ನಿನ್ನ ಅಪ್ಪನ
ಹೊತ್ತು ಸಾಗು ದೂರ.”

ಹಾಡಿ ಮುಗಿಸಿದವನೇ ತಿರುಗಿ, “ಬೇಜಾರಾಗ್ಬೇಡ ದೆಲ್ಫೀನಾ, ನೀನೇ ಹೇಳ್ಕೊಟ್ಟಿದ್ದು” ಎಂದ.

“ಸುಮ್ನೆ ನಿಂತ್ಕೋ. ನನ್ನ ಸರದಿ.”

ಜನ ಘೊಳ್ಳೆಂದು ನಕ್ಕರು. ಆ ನಗುವಿನಲ್ಲೇ ಅವಳ ಭಯದ ಕೊನೆಯ ತುಣುಕೂ ಹಾರಿಹೋಯಿತು. ಅವಳು ಓಡಿ ಮತ್ತೆ ಎದುರಿಗೆ ಬಂದು ನಿಂತಳು. ಕತ್ತಿಯ ಹಿಡಿ ನಿಜಕ್ಕೂ ಭಾರವಾಗಿತ್ತು. ಎಷ್ಟು ಅಂಗೈಗಳು ಉಜ್ಜಿ ಅದು ಅಷ್ಟು ನುಣುಪಾಗಿತ್ತೋ. ಅದನ್ನೇ ಅವಳು ಹಾಡಿದಳು.

“ಭಾರವೆಂದೆ, ನಿಜವೇ ಹೌದು,
ನೂರು ಕೈಗಳು ಹಿಡಿದ ಕತ್ತಿ;
ಊರ ಬಿಟ್ಟು ಹೋದವರೆಲ್ಲ
ಬಂದರಿದರ ಹಿಡಿಯ ಸುತ್ತಿ.”

ಈ ಪದಕ್ಕೆ ಯಾರೂ ನಗಲಿಲ್ಲ. ಗಣಿಯಿಂದ ಕೆಮ್ಮು ಹೊತ್ತು ಬಂದಿದ್ದ ಗಂಡಸರು ಟೋಪಿ ತೆಗೆದರು. ಒಬ್ಬ ಅಜ್ಜಿ ಕುರ್ಚಿಯಿಂದೆದ್ದು, “ಹೊಡಿಯೇ ಅವನಿಗೆ! ಏನ್ ನೋಡ್ತಿದೀಯ, ಹೊಡಿ!” ಎಂದು ಕೂಗಿದಳು. ಅವಳು ಕ್ವಿಂತೊನ ಸ್ವಂತ ಅತ್ತೆ.

ಹೀಗೆ ಕಾಳಗ ಮುಂದುವರಿಯಿತು. ದೆಲ್ಫೀನಾ ತನಗೊಂದು ಪದ ಕಟ್ಟುವಳು, ಸುತ್ತು ಬಂದು ಶತ್ರುವಿಗೊಂದು ಪದ ಕೊಡುವಳು, ಮತ್ತೆ ಎದುರಿಗೆ ಬಂದು ಅದನ್ನು ಮುರಿಯುವಳು. ಇದ್ದಿಲ ಮುತ್ತಜ್ಜನ ಮರಿಮೊಮ್ಮಗಳು ಅವಳು, ಸುಮ್ಮನೆ ಅಲ್ಲ. ಕೆಲವು ಸಾಲು ಕುಂಟಿದವು, ಒಂದು ಕಡೆ ಪ್ರಾಸ ತಪ್ಪಿತು, ಯಾರೂ ಲೆಕ್ಕಿಸಲಿಲ್ಲ. ಕಡೆಗೆ ಕ್ವಿಂತೊಗೆ ಸಾಯುವ ಪದವನ್ನೂ ಅವಳೇ ಉಸುರಿದಳು. ಅವನು ಅದನ್ನು ಎಷ್ಟು ಸಂತೋಷದಿಂದ ಹಾಡಿದನೆಂದರೆ ಅಂಥ ಖುಷಿಯಲ್ಲಿ ಸತ್ತ ದುಷ್ಟನನ್ನು ಫ್ರಾಸ್ಸೋಲ ಕಂಡೇ ಇರಲಿಲ್ಲ. ಏಟು ಬೀಳುವ ಮೊದಲೇ ಕಂಬಳಿ ಎಲ್ಲಿದೆ ಎಂದು ತಿರುಗಿ ನೋಡಿ, ಎರ್ಮೇತೆಯ ಪಕ್ಕದಲ್ಲಿ ಹುಷಾರಾಗಿ ಮಲಗಿಕೊಂಡ.

ತೋಪು ಚಪ್ಪಾಳೆಯಿಂದ ನಡುಗಿತು. ಸತ್ತವರೆಲ್ಲ ಏಳುವ ಹೊತ್ತು ಅದು. ಅಮೀಲ್ಕರೆ ಕೊನೆಯ ಮೇಳದ ಹಾಡಿನ ರಾಗ ಎತ್ತಿದ. ಈ ಹಾಡು ಪ್ರತಿ ವರ್ಷವೂ ಒಂದೇ, ಬಂದವರನ್ನು ಹರಸಿ ಬೀಳ್ಕೊಡುವ ಹಾಡು. ತೊಟ್ಟಿಲಲ್ಲಿರುವ ಕೂಸಿಗೂ ಗೊತ್ತು. ಅದರ ಮೊದಲ ಪದವನ್ನು ಗೆದ್ದ ದೊರೆ ಒಬ್ಬನೇ ಹಾಡಬೇಕು.

ದೆಲ್ಫೀನಾ ನಡುವೆ ನಿಂತಳು. ಸುತ್ತ ಮಖಮಲ್ಲಿನ ದೊರೆಗಳು, ಅವರಾಚೆ ಕುರ್ಚಿಗಳು, ಅವುಗಳಾಚೆ ಮರಗಳು. ಬೆನ್ನ ಹಿಂದೆ ಮೊಣಕಾಲು ಚಟಕ್ಕೆನ್ನುವ ಸದ್ದು, ನರಳುತ್ತಾ ಏಳುವ ಸದ್ದು, ಝೆಲಿಂದಾಳ ಗೊಣಗಾಟ, ಹಾಳೆ ತಿರುವುವ ಸದ್ದು. ಆಮೇಲೆ ಅವಳ ಬಲಗಿವಿಯ ಹತ್ತಿರ ಮುದಿ ಉಸಿರೊಂದು ಬೆಚ್ಚಗೆ ತಾಗಿ, ಮೊದಲ ಸಾಲನ್ನು ಮೆಲ್ಲಗೆ, ಒಂದೊಂದೇ ಮಾತಾಗಿ ಉಸುರಿತು.

ಆ ಸಾಲು ಅವಳಿಗೆ ಬುದ್ಧಿ ತಿಳಿಯುವ ಮೊದಲಿನಿಂದ ಬರುತ್ತಿತ್ತು. ಆದರೂ ಚಿಕ್ಕಪ್ಪ ಅದನ್ನು ಪೂರ್ತಿ ಹೇಳಿ ಮುಗಿಸುವ ತನಕ ಕಾದಿದ್ದು, ಆಮೇಲೆ ಬಾಯಿ ತೆರೆದಳು.